ಧ್ರುವೀಕರಣ ಮತ್ತು ಬೆಳಕಿನ ಪಾರ್ಶ್ವಪಲ್ಲಟ: ಒಂದು ಜ್ಯಾಮಿತೀಯ ವಿವೇಚನೆ

ಗಾಜಿನ ಮೇಲೆ ಓರೆಯಾಗಿ ಬಿದ್ದ ಕಿರಣ, ಅದರ ಪ್ರತಿಫಲನ, ಅದರ ವಕ್ರೀಭವನ ಇವು ಮೂರೂ ಒಂದೇ ಪತನತಲದಲ್ಲಿರುತ್ತವೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ ಪ್ರಯೋಗಶಾಲೆಯಲ್ಲಿ ನಮಗೆ ದಕ್ಕುವುದು ಗಣಿತದ ಕಿರಣವಲ್ಲ, ಸೀಮಿತ ಅಗಲದ ಕಿರಣಪುಂಜ. ಅದು ವೃತ್ತೀಯವಾಗಿ ಧ್ರುವೀಕೃತವಾಗಿದ್ದರೆ ಪತನತಲದಿಂದ ಪಕ್ಕಕ್ಕೆ ತುಸು ಸರಿಯುತ್ತದೆ; ಎಡಸುತ್ತಿನದು ಒಂದು ಬದಿಗೆ, ಬಲಸುತ್ತಿನದು ಮತ್ತೊಂದು ಬದಿಗೆ. ಪೂರ್ಣ ಆಂತರಿಕ ಪ್ರತಿಫಲನದಲ್ಲಿ ಹೀಗಾಗಬೇಕೆಂದು ಫ್ಯೊದೊರೊವ್ 1955ರಲ್ಲಿ ಸೂಚಿಸಿದರು. ಆ ಪಲ್ಲಟವನ್ನು ಇಂಬೆರ್ 1972ರಲ್ಲಿ ಅಳೆದು ತೋರಿಸಿದರು. 2004ರಲ್ಲಿ ಒನೊಡ, ಮುರಕಾಮಿ, ನಗಾವೊಸ ಇದನ್ನು ಬೆಳಕಿನ ಹಾಲ್ ಪರಿಣಾಮವೆಂದು ವಿವರಿಸಿದರು.

ಹಾಲ್ ಎಂಬ ಹೆಸರು ಕೇಳಿ, ಕಾಂತಕ್ಷೇತ್ರ ವಿದ್ಯುದಂಶಗಳನ್ನು ಪಕ್ಕಕ್ಕೆ ತಳ್ಳುವ ಹಾಗೆ ಇಲ್ಲೂ ಒಂದು ಬಲವಿದೆಯೆಂದು ಭಾವಿಸಬಾರದು. ಫೋಟಾನಿಗೆ ವಿದ್ಯುದಂಶವಿಲ್ಲ, ಕಾಂತಕ್ಷೇತ್ರವೂ ಬೇಕಿಲ್ಲ. ಇಲ್ಲಿ ಕೆಲಸ ಮಾಡುವುದು ಜ್ಯಾಮಿತಿ ಎಂಬುದೇ ಈ ಲೇಖನದ ವಾದ.

ಪುಂಜವೆಂದರೆ ಅಲ್ಪಸ್ವಲ್ಪ ಬೇರೆ ಬೇರೆ ದಿಕ್ಕುಗಳಲ್ಲಿ ಸಾಗುವ ಸಮತಲ ಅಲೆಗಳ ಮೊತ್ತ. ಪ್ರತಿ ಅಲೆಗೂ ಅದರದೇ ಪತನತಲವುಂಟು, ವಿದ್ಯುತ್ ಕ್ಷೇತ್ರ ತನ್ನ ಸಾಗುವ ದಿಕ್ಕಿಗೆ ಲಂಬವಾಗಿಯೇ ಇರಬೇಕೆಂಬ ಕಟ್ಟುಪಾಡೂ ಉಂಟು. ಹಾಗಾಗಿ ಪುಂಜದ ನಡುವಿನ ಅಲೆಗೂ ಅಂಚಿನ ಅಲೆಗೂ ಪತನತಲ ತುಸು ತಿರುಗಿರುತ್ತದೆ. ವೃತ್ತೀಯ ಧ್ರುವೀಕರಣದಲ್ಲಿ ಆ ತಿರುಗುವಿಕೆ ಪ್ರಾವಸ್ಥೆಯ ಅಂತರವಾಗಿ ಉಳಿಯುತ್ತದೆ. ಸುತ್ತು ಬದಲಾದರೆ ಅದರ ಚಿಹ್ನೆಯೂ ಬದಲಾಗುತ್ತದೆ. ಅಡ್ಡದಿಕ್ಕಿನಲ್ಲಿ ಪ್ರಾವಸ್ಥೆ ಒಂದೇ ಸಮನೆ ಏರುತ್ತ ಹೋದರೆ ಅಲೆಗಳೆಲ್ಲ ಕೂಡಿ ಬಲವಾಗುವ ತಾಣವೇ ಪಕ್ಕಕ್ಕೆ ಜರುಗುತ್ತದೆ. ಇದೇ ಪಲ್ಲಟ. ಪೂರ್ತಿ ಲಂಬವಾಗಿ ಬಿದ್ದ ಪುಂಜಕ್ಕೆ ಇದು ಇಲ್ಲ, ಏಕೆಂದರೆ ಅಲ್ಲಿ ಎಡಬಲಗಳೆಂಬ ಭೇದವೇ ಇರುವುದಿಲ್ಲ.

ಕೋನೀಯ ಸಂವೇಗದ ಲೆಕ್ಕವೂ ಇದನ್ನೇ ಹೇಳುತ್ತದೆ. ವಕ್ರೀಭವನದಲ್ಲಿ ದಿಕ್ಕು ಬದಲಾದಾಗ ಮೇಲ್ಮೈಯ ಲಂಬರೇಖೆಯ ಮೇಲೆ ಸ್ಪಿನ್ನಿನ, ಅಂದರೆ ವೃತ್ತೀಯ ಧ್ರುವೀಕರಣ ಹೊತ್ತ ಕೋನೀಯ ಸಂವೇಗದ, ಅಂಶ ಬದಲಾಗುತ್ತದೆ. ಆ ವ್ಯತ್ಯಾಸವನ್ನು ತುಂಬಿಕೊಡುವುದು ಪಕ್ಕಕ್ಕೆ ಸರಿದ ಪಥದ ಕಕ್ಷೀಯ ಕೋನೀಯ ಸಂವೇಗ. ಸ್ಪಿನ್ನಿನ ಗಾತ್ರ ಪ್ಲಾಂಕ್ ನಿಯತಾಂಕದಿಂದ ನಿರ್ಧಾರವಾಗಿರುವುದರಿಂದ ಪಲ್ಲಟದ ಪ್ರಮಾಣ ತರಂಗಾಂತರವನ್ನು 2πರಿಂದ ಭಾಗಿಸಿದಷ್ಟರ ಆಸುಪಾಸಿನಲ್ಲಿರುತ್ತದೆ. 633 ನ್ಯಾನೊಮೀಟರಿನ ಕೆಂಪು ಲೇಸರಿಗೆ ಅದು ಸುಮಾರು 100 ನ್ಯಾನೊಮೀಟರ್.

ತಿರುಗುವಿಕೆ ಪ್ರಾವಸ್ಥೆಯಾಗಿ ಉಳಿಯುವ ಈ ಬಗೆ ಹೊಸದಲ್ಲ. ಧ್ರುವೀಕರಣದ ಸ್ಥಿತಿಗಳು ಅವುಗಳನ್ನು ಬಿಂದುಗಳಾಗಿ ತೋರಿಸುವ ಗೋಳವೊಂದರ ಮೇಲೆ ಸುತ್ತು ಹಾಕಿ ಮರಳಿದಾಗ ಆವರಿಸಿದ ಘನಕೋನದ ಅರ್ಧದಷ್ಟು ಪ್ರಾವಸ್ಥೆ ಉಳಿಯುತ್ತದೆಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1956ರಲ್ಲೇ ಕಂಡುಕೊಂಡಿದ್ದರು. ಮೈಕೆಲ್ ಬೆರ್ರಿ 1984ರಲ್ಲಿ ಸಾಮಾನ್ಯೀಕರಿಸಿದ ಜ್ಯಾಮಿತೀಯ ಪ್ರಾವಸ್ಥೆಗೆ ಇದು ಪೂರ್ವರೂಪ. ಪಲ್ಲಟದಲ್ಲಿ ಮುಖ್ಯವಾಗಿ ಸುತ್ತಾಡುವುದು ಧ್ರುವೀಕರಣದ ಸ್ಥಿತಿಯಲ್ಲ, ಪ್ರಸಾರದ ದಿಕ್ಕು. ಆದ್ದರಿಂದ ಎರಡನ್ನೂ ಒಂದೇ ಎನ್ನಲಾಗದು. ಆದರೂ ಎರಡೂ ಒಂದೇ ಕುಲದವು. ಈ ಪರಿಣಾಮದ ಚರಿತ್ರೆಯಲ್ಲಿ ಪಂಚರತ್ನಂ ಅವರ ಹೆಸರು ಅಡಿಟಿಪ್ಪಣಿಯಲ್ಲಲ್ಲ, ಮೂಲಪಾಠದಲ್ಲೇ ಬರಬೇಕು.

ತರಂಗಾಂತರಕ್ಕಿಂತಲೂ ಸಣ್ಣದಾದ ಈ ಪಲ್ಲಟವನ್ನು 2008ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹೋಸ್ಟನ್ ಮತ್ತು ಕ್ವಿಯಟ್ ಗಾಳಿ-ಗಾಜಿನ ಗಡಿಯಲ್ಲಿ ಅಳೆದರು. ಒಂದು ಧ್ರುವಕದಿಂದ ರೇಖೀಯವಾಗಿ ಧ್ರುವೀಕೃತವಾದ, ಅಂದರೆ ಎಡಸುತ್ತು ಬಲಸುತ್ತುಗಳ ಸಮಮೊತ್ತವಾದ ಬೆಳಕನ್ನು ಗಾಜಿಗೆ ಹಾಯಿಸಿ, ಆ ಮೊದಲ ಧ್ರುವಕಕ್ಕೆ ಬಹುಮಟ್ಟಿಗೆ ಅಡ್ಡವಾಗಿಟ್ಟ ಎರಡನೆಯದರಿಂದ ಸೋಸಿದರು. ಹೆಚ್ಚಿನ ಬೆಳಕು ಅಲ್ಲೇ ನಿಂತುಹೋಗುತ್ತದೆ. ಎದುರುಬದುರಾಗಿ ಸರಿದ ಎರಡು ವೃತ್ತೀಯ ಘಟಕಗಳು ಬಹುಪಾಲು ಪರಸ್ಪರ ಅಳಿಸಿಕೊಂಡ ಮೇಲೆ ಉಳಿದ ಕ್ಷೀಣ ಪುಂಜದ ಕೇಂದ್ರ ಮೂಲ ಪಲ್ಲಟದ ಸುಮಾರು 10,000 ಪಟ್ಟು ಜರುಗಿ ಕಾಣುತ್ತದೆ. ಅಹರೊನೊವ್, ಆಲ್ಬರ್ಟ್, ವೈಡ್‌ಮನ್ 1988ರಲ್ಲಿ ಮುಂದಿಟ್ಟ ದುರ್ಬಲ ಮಾಪನದ ಈ ಯುಕ್ತಿಯಿಂದ ಸೂಕ್ಷ್ಮತೆ ಒಂದು ಆಂಗ್‌ಸ್ಟ್ರಾಮ್ ಮಟ್ಟ ಮುಟ್ಟಿತು.

ಪಲ್ಲಟ ಗಡಿಯ ಗುಣವನ್ನು ಅವಲಂಬಿಸಿರುವುದರಿಂದ ಗಡಿಯನ್ನು ಅರಿಯಲು ಪಲ್ಲಟವೇ ಸಾಧನವಾಯಿತು. 2012ರಲ್ಲಿ ಗ್ರಾಫೀನಿನ ಪದರಗಳನ್ನು ಗುರುತಿಸಲು ಇದನ್ನು ಬಳಸಲಾಯಿತು. ಅಂಥ ಪ್ರಯೋಗ ನೇರವಾಗಿ ಕೊಡುವುದು ಪುಂಜದ ಸ್ಥಾನವನ್ನಷ್ಟೇ. ಪದರಗಳ ಸಂಖ್ಯೆ ದೊರೆಯುವುದು ಆ ಸ್ಥಾನವನ್ನು ಗಡಿಯ ಸೈದ್ಧಾಂತಿಕ ಮಾದರಿಗೆ ಹೋಲಿಸಿದಾಗ ಮಾತ್ರ.