ಕ್ಯಾಸೆಟ್ಟಿನ್ಯಾಗಿನ ಕಂಪ್ಯೂಟರ್ ಉಳಿಸಿದ ಮಂದಿ

ಕ್ಯಾಸೆಟ್ ಅಂದ್ರ ನಮಗೆಲ್ಲಾ ನೆನಪಾಗೋದು ಹಾಡು. ಭೀಮಸೇನ ಜೋಶಿಯವರ ದಾಸರ ಪದ, ರಾಜಕುಮಾರ ಅವರ ಸಿನೆಮಾ ಹಾಡು, ಮದುವಿ ಮನ್ಯಾಗ ನಾವ ರೆಕಾರ್ಡ್ ಮಾಡ್ಕೊಂಡ ಸೋಬಾನ ಪದ. ಆದ್ರ ಅಂಥಾದ ಕ್ಯಾಸೆಟ್ಟಿನ್ಯಾಗ ಒಂದು ಕಾಲಕ್ಕ ಕಂಪ್ಯೂಟರಿನ ಪ್ರೋಗ್ರಾಮ್ ತುಂಬಿ ಮಾರ್ತಿದ್ರು ಅಂದ್ರ ನಂಬ್ತೀರೇನು ವೈನಿ? ನಾ ಪಿಯುಸಿ ತನಕ ಓದಿದಾಕಿ. ನಮ್ಮ ಕಾಲೇಜಿನ್ಯಾಗ ಕಂಪ್ಯೂಟರ್ ಕಣ್ಣೀಲೆ ಕಂಡಿರ್ಲಿಲ್ಲ. ಆದರೂ ಈ ಕಥಿ ತಿಳಕೊಂಡ ಮ್ಯಾಲೆ ಇದು ನಮ್ಮ ಕಪಾಟಿಗೂ ಸಂಬಂಧ ಇರೋ ಕಥಿ ಅನಿಸ್ತು. ಅದಕ್ಕ ಬರೀಲಿಕ್ಕೆ ಕೂತೀನಿ.

ಆ ಕಂಪ್ಯೂಟರಿನ ಹೆಸರು ಝಡ್‌ಎಕ್ಸ್ ಸ್ಪೆಕ್ಟ್ರಮ್. ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 1982ರ ಏಪ್ರಿಲ್ 23ಕ್ಕ ಇದನ್ನ ಹೊರಗ ತಂತು. ಅಂಗೈ ಎರಡು ಜೋಡಿಸಿ ಇಟ್ಟಷ್ಟ ಇದ್ದ ಕರೀ ಡಬ್ಬಿ, ಮ್ಯಾಲೆ ರಬ್ಬರಿನ ಗುಂಡಿ. ಪರದೆ ಅಂದ್ರ ಮನಿ ಟೀವಿನ. ಸಣ್ಣದಕ್ಕ 125 ಪೌಂಡ್, ದೊಡ್ಡದಕ್ಕ 175 ಪೌಂಡ್. ದೊಡ್ಡದು ಅಂದ್ರೂ ಅದರ ನೆನಪಿನ ಶಕ್ತಿ ಬರೇ 48 ಕೆಬಿ. ಮುಂಜಾನೆದ್ದು ನಾವು ಮೊಬೈಲಿನ್ಯಾಗ ಒಬ್ಬರಿಗೊಬ್ಬರು ಕಳಸೋ 'ಶುಭೋದಯ'ದ ಚಿತ್ರ ಸೈತ ಎಷ್ಟೋ ಸರ್ತಿ ಇದಕ್ಕಿಂತ ದೊಡ್ಡದಿರ್ತದ! ಮಧ್ಯಮ ವರ್ಗದ ಮನಿಗೆ ಕಂಪ್ಯೂಟರ್ ತಂದ ಯಂತ್ರಗಳೊಳಗ ಇದೂ ಒಂದು. ನಮ್ಮ ದೇಶದಾಗೂ ಡೆಸಿಬೆಲ್ಸ್ ಅನ್ನೋ ಕಂಪನಿ ಪರವಾನಗಿ ತಗೊಂಡು 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಅಂತ ಮಾರಿತ್ತು.

ಪ್ರೋಗ್ರಾಮ್ ಕ್ಯಾಸೆಟ್ಟಿನ್ಯಾಗ ಹೆಂಗ ಕೂಡ್ತದ? ಕಂಪ್ಯೂಟರಿಗೆ ಗೊತ್ತಿರೋದು ಸೊನ್ನೆ ಮತ್ತ ಒಂದು, ಎರಡ ಅಂಕಿ. ಸೊನ್ನೆಗೆ ಸಣ್ಣ ಸಪ್ಪಳ, ಒಂದಕ್ಕ ಅದರ ಎರಡು ಪಟ್ಟು ಉದ್ದದ ಸಪ್ಪಳ. ಹಿಂಗ ಪ್ರೋಗ್ರಾಮ್ ಪೂರ್ತಿ ಸಪ್ಪಳ ಆಗಿ ಟೇಪಿನ ಮ್ಯಾಲೆ ಇರ್ತಿತ್ತು. ಟೇಪ್ ರೆಕಾರ್ಡರಿಗೆ ವಾಯರ್ ಹಚ್ಚಿ ಚಾಲೂ ಮಾಡಿದ್ರ ಮೊದಲ ಒಂದು ಉದ್ದನೆ ಸೀಟಿ, ಆಮ್ಯಾಲೆ ಕರಕರ ಸಪ್ಪಳ, ಟೀವಿ ಅಂಚಿಗೆ ನೀಲಿ-ಹಳದಿ ಪಟ್ಟಿ. 48 ಕೆಬಿ ತುಂಬಲಿಕ್ಕೆ ಹತ್ರಹತ್ರ ಐದು ನಿಮಿಷ. ಅಕ್ಕಿ ಅಳದು ಹಾಕಿ ಕಡೀಕೆ ಸೇರು ಲೆಕ್ಕ ತಾಳೆ ನೋಡ್ತೀವಲ್ಲ, ಹಂಗ ಪ್ರತಿ ತುಣುಕಿನ ಕಡೀಕೆ ತಾಳೆ ನೋಡೋ ಒಂದು ಅಂಕಿ ಇರ್ತಿತ್ತು. ತಾಳೆ ಆಗಲಿಲ್ಲ ಅಂದ್ರ 'ಟೇಪ್ ಲೋಡಿಂಗ್ ಎರರ್' ಅಂತ ಬರೋದು. ಮತ್ತ ಮೊದಲಿಂದ ಸುರು.

1986ರಾಗ ಸಿಂಕ್ಲೇರ್ ತಮ್ಮ ಕಂಪ್ಯೂಟರ್ ವ್ಯಾಪಾರ ಆಮ್‌ಸ್ಟ್ರಾಡ್ ಅನ್ನೋ ಕಂಪನಿಗೆ 50 ಲಕ್ಷ ಪೌಂಡಿಗೆ ಮಾರಿದ್ರು. 1992ಕ್ಕ ಸ್ಪೆಕ್ಟ್ರಮ್ ಮಾಡೋದ ನಿಂತು ಹೋತು. ಅಷ್ಟರೊಳಗ ಸಾವಿರಾರು ಆಟ, ಪಾಠ, ಲೆಕ್ಕದ ಪ್ರೋಗ್ರಾಮ್ ಬಂದಿದ್ವು. ಮಾಡಿದ ಎಷ್ಟೋ ಕಂಪನಿ ಮುಚ್ಚಿದ್ವು. ಉಳದದ್ದು ಮಂದಿ ಮನೀ ಅಟ್ಟದ ಮ್ಯಾಲಿನ ಕ್ಯಾಸೆಟ್. ಟೇಪಿಗೆ ಬೂಸಲು ಹಿಡೀತದ, ಸುಕ್ಕಾಗ್ತದ, ಅದರ ಮ್ಯಾಲಿನ ಸಪ್ಪಳ ಕ್ಷೀಣ ಆಗ್ತದ. ಹಾಡಿನ ಕ್ಯಾಸೆಟ್ ಸ್ವಲ್ಪ ಕೆಟ್ರ ಹಾಡು ಗೊಗ್ಗರಾಗಿ ಆದರೂ ಕೇಳ್ತದ. ಪ್ರೋಗ್ರಾಮಿನ್ಯಾಗ ಒಂದು ಅಂಕಿ ಕೆಟ್ರೂ ಆ ತುಣುಕು ತಾಳೆ ಆಗಂಗಿಲ್ಲ.

1995ರಾಗ ನೆದರ್ಲೆಂಡ್ಸಿನ ಮಾರ್ಟೈನ್ ವಾನ್ ಡರ್ ಹೈಡ ಅನ್ನೋರು 'ವರ್ಲ್ಡ್ ಆಫ್ ಸ್ಪೆಕ್ಟ್ರಮ್' ಅಂತ ಒಂದು ಸಂಗ್ರಹ ಸುರು ಮಾಡಿದ್ರು. ಸರ್ಕಾರದ ಕೆಲಸ ಅಲ್ಲ, ಪಗಾರ ಇಲ್ಲ. ದೇಶ ದೇಶದ ಹವ್ಯಾಸಿ ಮಂದಿ ತಮ್ಮ ತಮ್ಮ ಕ್ಯಾಸೆಟ್ ಹುಡುಕಿ, ಕಂಪ್ಯೂಟರಿಗೆ ಇಳಿಸಿ ಕೊಟ್ರು. ಹಳೇ ಯಂತ್ರದಂಗ ನಟನೆ ಮಾಡೋ ಎಮ್ಯುಲೇಟರ್ ಅನ್ನೋ ಪ್ರೋಗ್ರಾಮ್ ಇರ್ತಾವ. ಅದರೊಳಗ ಹಾಕಿದ್ರ ಇವತ್ತಿನ ಕಂಪ್ಯೂಟರಿನ್ಯಾಗೂ ಹಳೇ ಆಟ ನಡೀತದ.

ಕೆಲಸ ಮಾತ್ರ ಸರಳ ಇರ್ಲಿಲ್ರೀ. ನಕಲು ಮಾಡಬಾರ್ದು ಅಂತ ಎಷ್ಟೋ ಕಂಪನಿಯವರು ಸಪ್ಪಳದ ಅಳತೀನ ಬದಲಿ ಮಾಡಿದ್ರು. ಅಂಥಾ ಟೇಪಿನಿಂದ ಬರೇ ಅಂಕಿ ಬರಕೊಂಡ್ರ ಸಾಲದು, ಪ್ರತಿ ಸಪ್ಪಳದ ಉದ್ದ ಸೈತ ಬರಕೋಬೇಕು. ಅದಕ್ಕಂತ 'ಟಿಝಡ್‌ಎಕ್ಸ್' ಅನ್ನೋ ಬ್ಯಾರೆ ನಮೂನಿ ಮಾಡಿದ್ರು. ಹಾಡಿನ ಸಾಹಿತ್ಯ ಬರದಿಡೋದು ಬ್ಯಾರೆ, ರಾಗ-ತಾಳದ ಸಮೇತ ಬರದಿಡೋದು ಬ್ಯಾರೆ ಅಲ್ಲೇನು? ಹಂಗ.

ಇನ್ನ ಟೇಪ್ ಒಂದ ಉಳಿಸಿದ್ರೂ ಆಗಂಗಿಲ್ಲ. 'ಜೆಟ್ ಸೆಟ್ ವಿಲಿ' ಅನ್ನೋ ಆಟದ ಜೋಡಿ ಬಣ್ಣದ ಚೌಕದ ಒಂದು ಕಾರ್ಡ್ ಬರ್ತಿತ್ತು. ಇಂಥಾ ಮನಿಯೊಳಗ ಯಾವ ಬಣ್ಣ ಅಂತ ಕೇಳಿದಾಗ ಕಾರ್ಡ್ ನೋಡಿ ಹೇಳಬೇಕು, ಇಲ್ಲಾಂದ್ರ ಆಟ ತೆರಿಯಂಗಿಲ್ಲ. ಕೆಲವೊಂದಕ್ಕ 'ಲೆನ್ಸ್‌ಲಾಕ್' ಅನ್ನೋ ಪ್ಲಾಸ್ಟಿಕ್ಕಿನ ಸಣ್ಣ ಕಾಚು ಬೇಕಿತ್ತು. ಅದನ್ನ ಟೀವಿ ಮುಂದ ಹಿಡದ್ರನ ಗುಟ್ಟಿನ ಅಕ್ಷರ ಕಾಣೋದು. ಅದಕ್ಕ ಸಂಗ್ರಹದವರು ಕ್ಯಾಸೆಟ್ಟಿನ ಮುಖಚೀಟಿ, ಸೂಚನಾ ಹಾಳಿ, ಜಾಹೀರಾತು, ಆ ಕಾಲದ ಪತ್ರಿಕೆ ಎಲ್ಲಾ ಸ್ಕ್ಯಾನ್ ಮಾಡಿಟ್ರು. ಪತ್ರಿಕೆ ಓದಿ ಓದಿ ಇನ್ನೊಂದು ಯಾದಿ ಮಾಡಿದ್ರು: ಹೆಸರು ಗೊತ್ತದ, ಕ್ಯಾಸೆಟ್ ಸಿಕ್ಕಿಲ್ಲ. ಕಳಕೊಂಡದ್ದು ಏನು ಅಂತ ಗೊತ್ತಾದ್ರ ತಾನ ಹುಡುಕಲಿಕ್ಕೆ ಆಗೋದು!

ಹಕ್ಕಿನ ಪ್ರಶ್ನೆನೂ ಇತ್ತು. ಹಳೇದು ಅಂದ ಮಾತ್ರಕ್ಕ ಅದು ಬೇವಾರಸಿ ಮಾಲಲ್ಲ. ಮಾಡಿದವರನ್ನ, ಪ್ರಕಟಿಸಿದವರನ್ನ ಹುಡುಕಿ ಪರವಾನಗಿ ಕೇಳಿದ್ರು. ಎಷ್ಟೋ ಜನ ಖುಷೀಲೆ ಕೊಟ್ರು. ಕೆಲವರು ಬ್ಯಾಡ ಅಂದ್ರು, ಅವರ ಆಟ ಹಂಚೋದು ನಿಲ್ಲಿಸಿದ್ರು. 1999ರಾಗ ಆಮ್‌ಸ್ಟ್ರಾಡ್ ಕಂಪನಿ, ಯಂತ್ರದೊಳಗಿನ ಮೂಲ ಪ್ರೋಗ್ರಾಮಿನ ಹಕ್ಕು ತನ್ನದ ಇಟ್ಕೊಂಡು, ಎಮ್ಯುಲೇಟರಿನ ಜೋಡಿ ಹಂಚಲಿಕ್ಕೆ ಒಪ್ಪಿಗಿ ಕೊಟ್ತು. ಅದಿಲ್ದಿದ್ರ ಈ ಕೆಲಸ ಕಳ್ಳತನ ಮಾಡಿದಂಗ ಅಂಜಿ ಅಂಜಿ ಮಾಡೋದಾಗ್ತಿತ್ತು.

ಇದರಿಂದ ಏನು ಉಳೀತು? ಒಂದು ಉದಾಹರಣೆ ಹೇಳ್ತೀನಿ. 'ದ ಹಾಬಿಟ್' ಅನ್ನೋ 1982ರ ಆಟ ಸ್ಪೆಕ್ಟ್ರಮ್ಮಿನ್ಯಾಗ ಭಾಳ ಹೆಸರು ಮಾಡಿತ್ತು. ಅದನ್ನ ಬರದವರೊಳಗ ವೆರೋನಿಕಾ ಮೆಗ್ಲರ್ ಅನ್ನೋ ಹೆಣ್ಣುಮಗಳು ಒಬ್ಬಾಕಿ. ಆಗ ಆಕಿ ಆಸ್ಟ್ರೇಲಿಯಾದ ಮೆಲ್ಬೋರ್ನಿನ್ಯಾಗ ಕಾಲೇಜು ಕಲಿಯೋ ಹುಡುಗಿ. ಜೋಡಿ ಕೆಲಸ ಮಾಡಿದವರು ಫಿಲಿಪ್ ಮಿಚೆಲ್. ಆಟದ ಕ್ಯಾಸೆಟ್ ಜೋಡಿ ಅದನ್ನ ಮಾಡಿದವರ ಹೆಸರೂ ದಾಖಲಾದ್ರ, ನಲವತ್ತು ವರ್ಷದ ಹಿಂದ ಒಬ್ಬ ಹುಡುಗಿ ಕೂತು ಮಾಡಿದ ಬುದ್ಧಿ ಕೆಲಸ ಯಾರದು ಅಂತ ಇವತ್ತಿನ ಹುಡುಗ್ಯಾರಿಗೂ ತಿಳೀತದ.

ಮುಂದ ಆ ಮೊದಲಿನ ಸಂಗ್ರಹಕ್ಕ ಹೊಸದು ಸೇರೋದು ನಿಂತಂಗಾತು. ಒಬ್ಬರ ಮ್ಯಾಲೆ ನಿಂತ ಕೆಲಸಕ್ಕ ಹಂಗಾಗೋದು ಸಹಜ. ಆದ್ರ ಪ್ರತಿಗಳು ಬ್ಯಾರೆ ಬ್ಯಾರೆ ಕಡೆ ಇದ್ವು. ಅವನ್ನ ಹಿಡಕೊಂಡು ಬ್ಯಾರೆಯವರು 'ಝಡ್‌ಎಕ್ಸ್‌ಡಿಬಿ' ಅನ್ನೋ ಹೊಸ ಯಾದಿ ಕಟ್ಟಿದ್ರು. ಅದನ್ನ ಯಾರು ಬೇಕಾದ್ರೂ ಪೂರ್ತಿ ನಕಲು ಮಾಡಿ ಇಟ್ಕೋಬಹುದು. ಹೆಪ್ಪು ನಾಕು ಮನ್ಯಾಗ ಇದ್ರ ನಮ್ಮನ್ಯಾಗ ಮೊಸರು ಕೆಟ್ಟರೂ ಚಿಂತಿ ಇಲ್ಲ, ಅಲ್ಲೇನ್ರೀ?

ನಮ್ಮ ಓಣ್ಯಾಗೂ ಇಂಥಾ ಕ್ಯಾಸೆಟ್ ಅವ. ಅಜ್ಜಿ ಹಾಡಿದ ಬೀಸೋಕಲ್ಲಿನ ಪದ, ಅತ್ತಿಯವರು ಹೇಳಿದ ಆರತಿ ಹಾಡು. ಟೇಪ್ ರೆಕಾರ್ಡರ್ ಕೆಟ್ಟಾವ ಅಂತ ಟ್ರಂಕಿನ್ಯಾಗ ಬಿದ್ದಾವ. ಯಾರ ಮನ್ಯಾಗ ಏನದ ಅಂತ ಮೊದಲ ಒಂದು ಯಾದಿ ಮಾಡೋಣು. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಅಂತ ಚೀಟಿ ಬರೀರಿ. ಇದು ಯಾರ ಧ್ವನಿ ಅಂತ ಗುರ್ತು ಹಿಡಿಯೋ ಹಿರೇರು ಇನ್ನೂ ಇದ್ದಾಗನ ಬರೀರಿ. ಹಾಡಿದವರನ್ನ, ಅವರಿಲ್ಲಾಂದ್ರ ಅವರ ಮಕ್ಕಳನ್ನ ಕೇಳೇ ಹಂಚೋಣು. ಮೊಬೈಲಿಗೆ ಇಳಿಸಿದ ಮ್ಯಾಲೆ ಮೂರು ಮನ್ಯಾಗ ಪ್ರತಿ ಇಡೋಣು. ನಮ್ಮ ಮನ್ಯಾಗ ನಡಿಯೋ ಟೇಪ್ ರೆಕಾರ್ಡರ್ ಒಂದದ. ಶ್ರಾವಣಕ್ಕ ಮೊದಲ ತರ್ರಿ, ಚಹಾ ನಂದು.