ಹರಟೆಗೊಂದು ಕಡತ

ಕೊಳ್ಳೇಗಾಲದಿಂದ ಹನೂರಿನ ಮಾರ್ಗವಾಗಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವವರು ಕೌದಳ್ಳಿಯನ್ನು ಹಾದೇ ಹೋಗುತ್ತಾರೆ. ಶಿವರಾತ್ರಿ, ದೀಪಾವಳಿಗಳು ಹತ್ತಿರವಾದಂತೆ ಈ ದಾರಿಯಲ್ಲಿ ಪರಸೆಯ ಜನ ಗುಂಪುಗುಂಪಾಗಿ ನಡೆದು ಸಾಗುತ್ತಾರೆ. ಒಂದು ಲೋಟ ಕಾಫಿ ಕುಡಿದು ಏಳುವಷ್ಟರಲ್ಲಿ ಹತ್ತೂರಿನ ಮಾತು ಕಿವಿಗೆ ಬೀಳುತ್ತದೆ. ಮಳೆ ಬಂದುದು, ರಾಗಿ ಕೈಕೊಟ್ಟುದು, ಯಾರದೋ ಮಗಳ ಮದುವೆ ಗೊತ್ತಾದುದು, ಹೀಗೆ. ಪರಸೆ ಮುಂದಕ್ಕೆ ಸಾಗಿದ ಮೇಲೆ ಆ ಮಾತೆಲ್ಲ ಎಲ್ಲಿ ಹೋಯಿತೆಂದು ಕೇಳಿದರೆ ಉತ್ತರವಿಲ್ಲ. ಮಾದಪ್ಪನ ಕಥೆಯನ್ನಾದರೋ ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹೊಂದಿಸಿ ತಲೆಮಾರುಗಳ ಕಾಲ ನೆನಪಿನಲ್ಲಿ ಉಳಿಸಿಕೊಂಡು ಬಂದರು. ದಾರಿಯ ಹರಟೆಗೆ ಆ ಭಾಗ್ಯವಿಲ್ಲ.

ಗಣಕಯಂತ್ರದ ಹರಟೆಯೂ ಹುಟ್ಟಿದಂದಿನಿಂದ ಇದೇ ಜಾತಿಯದು. 1988ರ ಆಗಸ್ಟಿನಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾನಿಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬ ತರುಣನು ‘ಇಂಟರ್‌ನೆಟ್ ರಿಲೇ ಚಾಟ್’ ಎಂಬ ಏರ್ಪಾಟನ್ನು ರೂಪಿಸಿದನು. ಐ.ಆರ್.ಸಿ. ಎಂಬುದು ಅದರ ಹ್ರಸ್ವನಾಮ. ಒಬ್ಬನು ಒಂದು ಸಾಲು ಬರೆದರೆ ಆ ಕಟ್ಟೆಯಲ್ಲಿ ಸೇರಿದವರೆಲ್ಲರಿಗೂ ಅದು ಒಡನೆ ಕಾಣಿಸುತ್ತದೆ. ಆದರೆ ನಡುವೆ ನಿಂತು ಮಾತನ್ನು ಸಾಗಿಸುವ ಯಂತ್ರವು ಅದನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಅದು ಸಾಗಿಸುವ ಆಳೇ ಹೊರತು ಕಾಪಿಡುವ ಕರಣಿಕನಲ್ಲ. ತಡವಾಗಿ ಬಂದವನಿಗೆ ಹಿಂದಿನ ಮಾತು ಸಿಗುವುದಿಲ್ಲ. ಉಳಿಸಿಕೊಳ್ಳಬೇಕೆಂದರೆ ಮಾತಾಡುವವನ ಗಣಕದಲ್ಲಿರುವ ಹರಟೆಯ ತಂತ್ರಾಂಶವೇ ಆ ಹೊಣೆಯನ್ನು ಹೊರಬೇಕು.

ಉಳಿಸಿಕೊಂಡುದರಿಂದ ಏನು ಲಾಭವೆನ್ನುವವರು 1991ನ್ನು ನೆನೆಯಬಹುದು. ಆ ವರ್ಷದ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಗೊರ್ಬಚೋವರ ವಿರುದ್ಧ ಕ್ಷಿಪ್ರಕ್ರಾಂತಿಯ ಯತ್ನ ನಡೆದಾಗ, ಅಲ್ಲಿಯ ಸುದ್ದಿ ಐ.ಆರ್.ಸಿ.ಯ ಸಾಲುಗಳಲ್ಲಿ ಹೊರದೇಶಗಳಿಗೆ ಹರಿದು ಬಂತು. ಅದನ್ನು ಕೆಲವರು ಬರಿಯ ಅಕ್ಷರಗಳ ಪಠ್ಯಕಡತಗಳಲ್ಲಿ ತೆಗೆದಿಟ್ಟರು. ಸೋವಿಯತ್ ಒಕ್ಕೂಟ ಅದೇ ವರ್ಷ ಅಳಿಯಿತು, ಆ ಸಾಲುಗಳು ಉಳಿದುವು.

ಕಡತವೆಂಬ ಮಾತನ್ನು ಇಲ್ಲಿ ಬಳಸಿದ್ದಕ್ಕೆ ಕಾರಣವುಂಟು. ಇಂದು ಕಚೇರಿಯ ಫೈಲಿಗೂ ಗಣಕದ ಫೈಲಿಗೂ ನಾವು ಕಡತವೆನ್ನುತ್ತೇವೆ. ಹಿಂದೆ ಅದು ಒಂದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಕೆ ಹಾಕಿ, ಮೇಲೆ ಕೆಳಗೆ ರಟ್ಟನ್ನೋ ಹಲಗೆಯನ್ನೋ ಕಟ್ಟುತ್ತಿದ್ದರು. ಬಳಪದಿಂದ ಬರೆದರೆ ಕಪ್ಪಿನ ಮೇಲೆ ಬಿಳಿಯ ಅಕ್ಷರ ಎದ್ದು ಕಾಣುತ್ತಿತ್ತು. ವರ್ತಕರ ಲೆಕ್ಕ, ಗ್ರಾಮದ ಲೆಕ್ಕ, ಮಠಗಳ ವ್ಯವಹಾರ ಎಲ್ಲವೂ ಅದರಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರಗಳಾಗಿವೆ. ಬೇಡವಾದ ಸಾಲನ್ನು ಒರಸಬಹುದು, ಒರಸಿದಲ್ಲಿ ಮತ್ತೆ ಬರೆಯಬಹುದು. ಇದೇ ಅದರ ಗುಣ, ಇದೇ ಅದರ ಅಪಾಯ.

ಈಗ ಮತ್ತೆ ಹರಟೆಗೆ ಬರೋಣ. 1995ರಲ್ಲಿ ಖಲೀದ್ ಮರ್ದಮ್‌ಬೇ ಎಂಬವರು ವಿಂಡೋಸ್ ಗಣಕಗಳಿಗಾಗಿ ಎಂ.ಐ.ಆರ್.ಸಿ. ಎಂಬ ಹರಟೆಯ ತಂತ್ರಾಂಶವನ್ನು ಹೊರತಂದರು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತುದೂ ಅದೇ ವರ್ಷದ ಆಗಸ್ಟ್ 15ರಂದು. ಗಂಟೆಗೆ ಇಷ್ಟೆಂದು ಹಣ ತೆತ್ತು ಸೈಬರ್ ಕೆಫೆಗಳಲ್ಲಿ ಕುಳಿತ ನಮ್ಮ ಎಷ್ಟೋ ತರುಣರಿಗೆ ಇದರ ಪರಿಚಯವಾಯಿತು. ಬಳಸುವವನು ತನಗೆ ಬೇಕಾದ ಆಜ್ಞೆಗಳನ್ನು ತಾನೇ ಬರೆದು ಸೇರಿಸಬಹುದಾಗಿದ್ದುದು ಈ ತಂತ್ರಾಂಶದ ವಿಶೇಷ. ಈ ಬರಹಕ್ಕೆ ಸ್ಕ್ರಿಪ್ಟ್ ಎಂದು ಹೆಸರು. ಪಠ್ಯಕಡತಗಳನ್ನು ನೋಡಿಕೊಳ್ಳುವ ಒಬ್ಬ ಪುಟ್ಟ ಕರಣಿಕನನ್ನು ಇದರಲ್ಲಿ ಸೃಷ್ಟಿಸಲು ಇಪ್ಪತ್ತು ಮೂವತ್ತು ಸಾಲು ಸಾಕು.

ಅವನು ಮಾಡಬೇಕಾದ ಕೆಲಸ ನಾಲ್ಕೇ: ಯಾವ ಕಡತಗಳಿವೆಯೆಂದು ಹೇಳುವುದು, ಓದುವುದು, ಬರೆಯುವುದು, ಒರಸುವುದು. ಓರೆಗೆರೆಯಿಂದ ಮೊದಲಾಗುವ ಮಾತು ಆಜ್ಞೆ. ಡಾಲರ್ ಚಿಹ್ನೆಯಿಂದ ಮೊದಲಾಗುವುದು ಪ್ರಶ್ನೆ. ‘ಫೈಂಡ್‌ಫೈಲ್’ ಎಂದರೆ ಕಡತಗಳನ್ನು ಹುಡುಕಿ ಹೆಸರು ಹೇಳುತ್ತದೆ. ‘ಲೈನ್ಸ್’ ಎಂದರೆ ಎಷ್ಟು ಸಾಲಿದೆಯೆಂದು ಎಣಿಸುತ್ತದೆ. ‘ರೀಡ್’ ಎಂದು ಸಾಲಿನ ಸಂಖ್ಯೆ ಕೊಟ್ಟರೆ ಆ ಸಾಲು ಬರುತ್ತದೆ. ಸಂಖ್ಯೆ ಕೊಡದಿದ್ದರೆ ತನಗೆ ತೋಚಿದ ಯಾವುದೋ ಒಂದು ಸಾಲನ್ನು ಎತ್ತಿಕೊಡುತ್ತದೆ. ಗಾದೆಗಳ ಕಡತವೊಂದನ್ನಿಟ್ಟು, ಕಟ್ಟೆಗೆ ಬಂದವರಿಗೆಲ್ಲ ಒಂದೊಂದು ಗಾದೆ ಹಂಚುವುದಕ್ಕೆ ಇದೇ ಸಾಕು. ‘ರೈಟ್’ ಎಂದರೆ ಕೊನೆಯಲ್ಲಿ ಒಂದು ಸಾಲು ಸೇರುತ್ತದೆ. ಕಡತವೇ ಇಲ್ಲದಿದ್ದರೆ ಹೊಸದು ಹುಟ್ಟುತ್ತದೆ.

ಅಪಾಯವಿರುವುದು ಒರಸುವಲ್ಲಿ. ಸಾಲನ್ನು ಅಳಿಸೆಂದು ಹೇಳಿ ಸಂಖ್ಯೆ ಕೊಡಲು ಮರೆತರೆ ಈ ಕರಣಿಕನು ಕೇಳದೆಯೇ ಕೊನೆಯ ಸಾಲನ್ನು ಒರಸುತ್ತಾನೆ. ಇಡೀ ಕಡತವನ್ನು ತೆಗೆಯುವ ‘ರಿಮೂವ್’ ಎಂಬ ಆಜ್ಞೆಯಲ್ಲಿ, ಕಸದ ಬುಟ್ಟಿಗೆ ಹಾಕೆಂಬ ಗುರುತನ್ನು ಬೇರೆಯಾಗಿ ಸೇರಿಸಬೇಕು. ಸೇರಿಸದಿದ್ದರೆ ಬುಟ್ಟಿಯಲ್ಲಿ ಹುಡುಕಿದರೂ ಸಿಗದು. ಆದಕಾರಣ ಅನುಭವಿಗಳು ತಮ್ಮ ಸ್ಕ್ರಿಪ್ಟಿನಲ್ಲಿ ‘ನಿಜವಾಗಿಯೂ ಅಳಿಸಬೇಕೆ?’ ಎಂಬ ಒಂದು ಪ್ರಶ್ನೆಯನ್ನು ತಾವೇ ಬರೆದುಕೊಂಡರು.

ಓದುವುದರಲ್ಲಿರುವ ಅಪಾಯ ಇನ್ನೂ ಸೂಕ್ಷ್ಮವಾದುದು. ಕಡತದಿಂದ ಎತ್ತಿದ ಸಾಲನ್ನು ಎಂ.ಐ.ಆರ್.ಸಿ. ಸುಮ್ಮನೆ ಓದುವುದಿಲ್ಲ. ಅದರಲ್ಲಿ ಡಾಲರ್ ಚಿಹ್ನೆಯ ಪ್ರಶ್ನೆಯೇನಾದರೂ ಅಡಗಿದ್ದರೆ ಅದನ್ನು ನಡೆಸಿಯೇ ಬಿಡುತ್ತದೆ. ‘ಅರ್ಥ ಮಾಡಬೇಡ, ಇದ್ದುದನ್ನು ಇದ್ದಂತೆ ಓದು’ ಎಂದು ಒಂದಕ್ಷರದ ಗುರುತಿನಿಂದ ತಿಳಿಸಬೇಕು. ಯಾರೋ ಅಪರಿಚಿತನು ಕಟ್ಟೆಯಲ್ಲಿ ಬರೆದುದನ್ನು ಕಡತಕ್ಕೆ ಸೇರಿಸಿ, ಆ ಗುರುತಿಲ್ಲದೆ ಮತ್ತೆ ಓದಿದರೆ, ಅವನ ಮಾತು ನಮ್ಮ ಮನೆಯೊಳಗೆ ಆಜ್ಞೆಯಾಗಿ ನಡೆಯಬಹುದು. ಕಡತದಲ್ಲಿ ‘ಇವನಿಗೆ ನೂರು ರೂಪಾಯಿ ಕೊಡು’ ಎಂದು ಯಾರೋ ಗೀಚಿದ್ದನ್ನು ಶಾನುಭೋಗನು ಗಟ್ಟಿಯಾಗಿ ಓದಿದ ಮಾತ್ರಕ್ಕೆ ಖಜಾನೆಯಿಂದ ಹಣ ಹೊರಬಿದ್ದಂತೆ! ಹಾಗೆಯೇ ಕಡತದ ಹೆಸರನ್ನು ಪರರ ಬಾಯಿಂದ ಕೇಳಿ ಪರೀಕ್ಷಿಸದೆ ತೆರೆದರೆ, ತೋರಿಸಬಾರದ ಕೋಣೆಯ ಕಡತವೂ ಬೀದಿಗೆ ಬಂದೀತು.

ಇಷ್ಟೆಲ್ಲ ಎಚ್ಚರದಿಂದ ಕಾಪಾಡಿದರೂ ಕನ್ನಡಿಗನಿಗೆ ಇನ್ನೊಂದು ತೊಡಕಿತ್ತು. ಅದು ಅಕ್ಷರದ್ದು. ಆ ದಿನಗಳ ಹರಟೆಯಲ್ಲಿ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವುದೇ ರೂಢಿ. ಕನ್ನಡ ಲಿಪಿಯಲ್ಲೇ ಬರೆದಿಟ್ಟವರ ಕಡತಗಳು ಒಂದೊಂದು ಫಾಂಟಿಗೆ ಒಂದೊಂದು ಬಗೆಯ ಸಂಕೇತದಲ್ಲಿದ್ದುವು. ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕಾಣಿಸುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಕಡತವಿದೆ, ಸಾಲುಗಳಿವೆ, ಮಾತು ಮಾತ್ರ ಇಲ್ಲ! ಬೆಲೆಯುಳ್ಳ ಎಷ್ಟೋ ಬರಹ ಹೀಗೆ ಇದ್ದೂ ಇಲ್ಲದಂತಾಯಿತು.

ಇದಕ್ಕೆ ಪರಿಹಾರ ಎರಡು ಹೆಜ್ಜೆಗಳಲ್ಲಿ ಬಂತು. 1991ರ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಆದ ಸಂಖ್ಯೆ ನಿಗದಿಯಾಯಿತು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅಮೆರಿಕದ ನ್ಯೂಜೆರ್ಸಿಯ ಊಟದ ಮನೆಯೊಂದರಲ್ಲಿ, ತಟ್ಟೆಯ ಕೆಳಗಿನ ಹಾಸುಕಾಗದದ ಮೇಲೆ ಗೀಚಿ, ಆ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ಕ್ರಮವನ್ನು ರೂಪಿಸಿದರು. ಅದೇ ಯುಟಿಎಫ್-8. ಎಂ.ಐ.ಆರ್.ಸಿ. ಯೂನಿಕೋಡನ್ನು ಪೂರ್ಣವಾಗಿ ಒಪ್ಪಿಕೊಂಡುದು 2010ರ ಏಳನೆಯ ಆವೃತ್ತಿಯಲ್ಲಿ.

ಒಪ್ಪಿಕೊಂಡರೂ ಕನ್ನಡಕ್ಕೆ ಸುಂಕ ಹೆಚ್ಚು. 1993ರ ಐ.ಆರ್.ಸಿ. ನಿಯಮದಂತೆ ಒಂದು ಸಾಲು, ಕೊನೆಯ ಗುರುತುಗಳೂ ಸೇರಿ, 512 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೇಕು. ನಾವು ಒಂದೇ ಅಕ್ಷರವೆಂದು ಉಚ್ಚರಿಸುವ ‘ಸ್ತ್ರೀ’ ಎಂಬುದರಲ್ಲಿ ಆರು ಸಂಕೇತಗಳಿವೆ. ಅಲ್ಲಿಗೆ ಹದಿನೆಂಟು ಬೈಟು. ಹೀಗಾಗಿ ಒಂದು ಸಾಲಿನಲ್ಲಿ ಹಿಡಿಯುವುದು ಹೆಚ್ಚೆಂದರೆ 170 ಸಂಕೇತ. ಕಟ್ಟೆಯ ಹೆಸರು ಮೊದಲಾದುವನ್ನು ಕಳೆದರೆ ಅದಕ್ಕೂ ಕಡಿಮೆ. ಇದನ್ನು ಅರಿಯದೆ ಸ್ಕ್ರಿಪ್ಟ್ ಬರೆದರೆ ಕಡತದಲ್ಲಿ ಪೂರ್ಣವಾಗಿರುವ ವಾಕ್ಯ ಕಟ್ಟೆಯಲ್ಲಿ ಅರ್ಧಕ್ಕೆ ತುಂಡಾಗುತ್ತದೆ. ಸಾಲನ್ನು ಅಳೆದು, ಎರಡಾಗಿ ಒಡೆದು ಕಳುಹಿಸುವುದನ್ನು ನಮ್ಮ ಕರಣಿಕನಿಗೆ ನಾವೇ ಕಲಿಸಬೇಕು.

ಮತ್ತೆ ಕೌದಳ್ಳಿಗೆ ಹಿಂತಿರುಗೋಣ. ಗಣಕದಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ದಾರಿಯುಂಟು: ಇಂಥ ಕೋಣೆಯೊಳಗಿನ ಇಂಥ ಪೆಟ್ಟಿಗೆಯೊಳಗಿನ ಇಂಥ ಹೆಸರು ಎಂದು. ಬ್ರಿಟಿಷರ ಆಳ್ವಿಕೆಯಲ್ಲಿ ಕೌದಳ್ಳಿಯ ದಾರಿ ಮದ್ರಾಸು, ಕೊಯಮತ್ತೂರು, ಕೊಳ್ಳೇಗಾಲ ಎಂದಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯ, ಮೈಸೂರು ಜಿಲ್ಲೆ, ಕೊಳ್ಳೇಗಾಲ ಎಂದಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಬಂತು. ಆಮೇಲೆ ಹನೂರು ತಾಲ್ಲೂಕಾಯಿತು. ಊರು ಇದ್ದಲ್ಲಿಂದ ಅಂಗುಲವೂ ಕದಲಲಿಲ್ಲ. ಪೆಟ್ಟಿಗೆ ಮಾತ್ರ ಬದಲಾಯಿತು. ಆದರೆ ಹಳೆಯ ಜಮೀನಿನ ಪತ್ರವನ್ನು ಹುಡುಕಿಕೊಂಡು ಹೋಗುವ ರೈತನಿಗೆ ಈ ದಾರಿಗಳ ಚರಿತ್ರೆಯೆಲ್ಲ ಗೊತ್ತಿರಬೇಕಾಗುತ್ತದೆ. ಕಾಗದ ಎಲ್ಲಿಯೋ ಇದ್ದರೆ ಸಾಲದು. ಎಲ್ಲಿದೆಯೆಂದು ಹೇಳುವವನೊಬ್ಬನು ಬೇಕು, ಅದನ್ನು ಓದಬಲ್ಲವನೊಬ್ಬನು ಬೇಕು.

ಇಂದಿನ ಹರಟೆ ಬಹುಮಟ್ಟಿಗೆ ಕೈಯೊಳಗಿನ ಫೋನಿಗೆ ಸರಿದಿದೆ. ಮಾತುಗಳನ್ನು ಇಟ್ಟುಕೊಳ್ಳುವ ಕೆಲಸವನ್ನು ದೂರದ ಕಂಪನಿಗಳಿಗೆ ಒಪ್ಪಿಸಿ ನಾವು ನಿಶ್ಚಿಂತರಾಗಿದ್ದೇವೆ. ಫೋನು ಕಳೆದ ದಿನ, ತೀರಿಹೋದ ತಾಯಿ ಬರೆದಿದ್ದ ನಾಲ್ಕು ಸಾಲನ್ನು ಹುಡುಕಿ ಸಿಗದೆ ಕುಳಿತವರಿಗೆ ಮಾತ್ರ ಈ ನಿಶ್ಚಿಂತೆಯ ಬೆಲೆ ತಿಳಿದಿರುತ್ತದೆ. ಬೇಕಾದ ಮಾತನ್ನು ಆಗಾಗ ಆಯ್ದು, ಯಾವ ಗಣಕವೂ ಓದಬಲ್ಲ ಸಾದಾ ಪಠ್ಯಕಡತದಲ್ಲಿ, ಕನ್ನಡದ ಅಕ್ಷರದಲ್ಲೇ, ದಿನಾಂಕ ಹಾಕಿ ಇಟ್ಟುಕೊಳ್ಳುವುದು ಕಷ್ಟದ ಕೆಲಸವಲ್ಲ. ನಮ್ಮ ಹಿರಿಯರು ಇದನ್ನೇ ಒಂದು ತುಂಡು ಕರಿಯ ಬಟ್ಟೆಯ ಮೇಲೆ ಮಾಡುತ್ತಿದ್ದರು.