ಗಂಗಾಳದಲ್ಲಿ ಹಳೆಯದೆಷ್ಟು?

ವಿಜಯಪುರ ಜಿಲ್ಲೆಯ ಊಟವನ್ನು 'ಸಾಂಪ್ರದಾಯಿಕ' ಎಂದು ಕರೆಯುವುದು ರೂಢಿ. ಬೆಂಗಳೂರಿನ ಖಾನಾವಳಿಗಳ ಫಲಕದ ಮೇಲೂ ಅದೇ ಮಾತು. ಆದರೆ ಇಂಡಿ ತಾಲ್ಲೂಕಿನ ತಾಂಬಾದಲ್ಲಿ ಒಂದು ಗಂಗಾಳವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ ಆ ಪದ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಓದಿಗಾಗಿ ಈ ಸೀಮೆ ಬಿಟ್ಟು ವರ್ಷಗಳಾದ ಮೇಲೆ ಈ ಸಲ ನಾನು ಪ್ರವಾಸಿಯಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿದೆ. ಪ್ರವಾಸಿಗೊಂದು ಅನುಕೂಲವಿದೆ. ಮನೆಮಂದಿ ಕೇಳಲು ನಾಚುವ ಪ್ರಶ್ನೆಗಳನ್ನು ಅವನು ಕೇಳಬಹುದು.

ಗಂಗಾಳದಲ್ಲಿದ್ದದ್ದು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆಂಪು ಚಟ್ನಿ, ಮೊಸರು. ಇದರಲ್ಲಿ ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡ ಮೇಲಷ್ಟೇ ಮೆಣಸಿನಕಾಯಿ ಒಳನಾಡಿನ ದಾರಿ ಹಿಡಿಯಿತು. ಶೇಂಗಾ ಹೊಲ ತುಂಬಿದ್ದು ಇನ್ನೂ ತಡವಾಗಿ. ಬಾಗೇವಾಡಿಯ ಬಸವಣ್ಣ ಉಂಡ ಊಟದಲ್ಲಿ ಈ ಖಾರ ಇರಲಿಲ್ಲ, ಇದ್ದರೆ ಕರಿಮೆಣಸಿನದು. ಅಂದಹಾಗೆ ಈ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. 'ಕರ್ನಾಟಕ' ಎಂಬ ಹೆಸರು ರಾಜ್ಯಕ್ಕೆ ಬಂದದ್ದು 1973ರಲ್ಲಿ. 'ನನ್ನ ರಾಜ್ಯದ ಊಟ' ಎನ್ನುವಾಗ ರಾಜ್ಯವೇ ಮೆಣಸಿನಕಾಯಿಗಿಂತ ಹೊಸದು.

ಜೋಳ ಮಾತ್ರ ನಿಜಕ್ಕೂ ಹಳೆಯದು. ಅದರ ಮೂಲ ಆಫ್ರಿಕಾ, ಆದರೆ ಇಲ್ಲಿಗೆ ಬಂದು ಸಾವಿರಾರು ವರ್ಷಗಳಾದವು. ಹಿಂಗಾರಿ ಜೋಳವನ್ನು ಮಳೆ ಮುಗಿಯುವ ಹೊತ್ತಿಗೆ ಬಿತ್ತುತ್ತಾರೆ. ಆಮೇಲೆ ಎರಿಮಣ್ಣು ಹಿಡಿದಿಟ್ಟ ತೇವದಲ್ಲೇ ಅದು ಬೆಳೆಯಬೇಕು. ಡೋಣಿ ನದಿಯ ಸೀಮೆ ಬೆಳೆದರೆ ನಾಡೆಲ್ಲ ಉಣ್ಣುತ್ತದೆ ಎಂಬ ನಂಬಿಕೆ ಹುಟ್ಟಿದ್ದು ಈ ಮಣ್ಣಿನಿಂದ. ಆ ತೇವವೇ ಇಲ್ಲದಿದ್ದರೆ?

1876ರಲ್ಲಿ ಆದದ್ದು ಅದೇ. ಮಳೆ ಕೈಕೊಟ್ಟಿತು, ಜನ ಊರು ಬಿಟ್ಟರು. 1877ರ ಜನವರಿಯಲ್ಲಿ ಬರದ ಪ್ರಾಂತಗಳಿಗೆ ಕಳುಹಿಸಲಾದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದ. ಅಂದರೆ ಸುಮಾರು 450 ಗ್ರಾಂ, ನಾಲ್ಕೈದು ರೊಟ್ಟಿಯ ಹಿಟ್ಟು. ಜತೆಗೆ ಪಲ್ಯವಿಲ್ಲ, ಬೇಳೆಯಿಲ್ಲ. ಅಷ್ಟನ್ನು ತಿಂದು ದಿನವಿಡೀ ಕಲ್ಲು ಒಡೆಯಬೇಕು. ಬರ ಕಳೆದ ಮೇಲೆ ಬಂದ ಹೋಟಗಿ-ಗದಗ ರೈಲುಮಾರ್ಗ, ಅದರ 'ಇಂಡಿ ರೋಡ್' ನಿಲ್ದಾಣ, ಈ ನೆನಪಿನ ಪಕ್ಕದಲ್ಲೇ ಓದಬೇಕಾದವು. ಮೂರನೆಯ ರೊಟ್ಟಿ ಬೇಡವೆಂದಾಗ ಇಲ್ಲಿಯ ಹಿರಿಯರಿಗೆ ಬರುವ ಸಿಟ್ಟು ಬರೀ ಉಪಚಾರದ್ದಲ್ಲ ಎಂದು ನನಗೆ ಅನಿಸುವುದು ಇದಕ್ಕೇ.

ತಾಂಬಾದಲ್ಲಿ ರೊಟ್ಟಿ ಬಡಿಯುತ್ತಿದ್ದ ಅಜ್ಜಿಯನ್ನು ಜೋಳ ನಿಮ್ಮ ಹೊಲದ್ದೇ ಎಂದು ಕೇಳಿದೆ. "ಹೊಲದಾಗ ಈಗ ಕಬ್ಬ ಅದ. ಜೋಳ ಸಂತ್ಯಾಗ ತರ್ತೀವಿ" ಎಂದಳು. ನಾರಾಯಣಪುರ ಎಡದಂಡೆಯ ಇಂಡಿ ಶಾಖಾ ಕಾಲುವೆ ಬಂದಿದೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ನೀರು ಸಿಕ್ಕವರು ನೀರಿನ ಬೆಳೆ ಬೆಳೆದರೆ ತಪ್ಪೇನು? ಇತ್ತ ಪಡಿತರದ ಅಕ್ಕಿ ಮನೆಗೆ ಬರುತ್ತದೆ, ಅತ್ತ ಜೋಳ ನಗರದ ಸಿರಿಧಾನ್ಯ ಮೇಳ ಸೇರಿದೆ. ಬಡವರ ರೊಟ್ಟಿ ಎನಿಸಿಕೊಂಡದ್ದೇ ಈಗ ಅನ್ನಕ್ಕಿಂತ ದುಬಾರಿ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ನಷ್ಟ ಕಾಣುತ್ತದೆ. ಇದೇ ಸೀಮೆಯ ಹಲಸಂಗಿ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಣ್ಣುಮಕ್ಕಳ ತ್ರಿಪದಿಗಳನ್ನು ಹುಡುಕಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬಂತು. ಆ ತ್ರಿಪದಿಗಳಲ್ಲಿ ಎಷ್ಟೋ ಬೀಸುಕಲ್ಲಿನ ಮುಂದೆ ಹುಟ್ಟಿದವು. ನಸುಕಿನಲ್ಲಿ ಜೋಳ ಬೀಸುವ ಕೈಗೆ ದಣಿವು ಮರೆಸಲು ಹಾಡು ಬೇಕಿತ್ತು. ಹಿಟ್ಟಿನ ಗಿರಣಿ ಬಂದಾಗ ಹಾಡು ನಿಂತಿತೆಂದು ನಾವು ಮರುಗುತ್ತೇವೆ. ಅಜ್ಜಿಗೆ ಆ ಮರುಕವಿಲ್ಲ. ಗಿರಣಿ ಬಂದ ವರ್ಷ ಮೊದಲ ಸಲ ಬೆಳಗಿನ ನಿದ್ದೆ ಸಿಕ್ಕಿತು ಎಂದು ನಕ್ಕಳು. ಹಾಡು ಬರುತ್ತದೆಯೇ ಎಂದದ್ದಕ್ಕೆ ಬರುತ್ತದೆ ಎಂದಳು, ಆದರೆ ಹಾಡಲಿಲ್ಲ.